ಬಣ್ಣ ಬಿಡುವ ಹೊನ್ನೆ ಲೋಟ

ಮರದ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಅಪ್ಪ ದಾಂಡೇಲಿಯ ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಸಾಗುವಾನಿ, ಮತ್ತಿ, ನಂದಿಗಳ ಹೆಸರು ನನಗೆ ಮಗ್ಗಿಗಿಂತ ಮೊದಲೇ ಬಂದಿತ್ತು. ಹೊನ್ನೆಯ ಜಾತಕವಂತೂ ಬಾಯಿಪಾಠ: ಗಟ್ಟಿ ಮರ, ಗೆದ್ದಲಿಗೆ ಬಗ್ಗುವುದಿಲ್ಲ, ಬಾಗಿಲ ಚೌಕಟ್ಟಿಗೂ ಎತ್ತಿನ ಗಾಡಿಗೂ ಒದಗುತ್ತದೆ. ಒಂದೇ ದೋಷವೆಂದರೆ ಒದ್ದೆಯಾದಾಗ ಬಣ್ಣ ಬಿಟ್ಟು ಸುಣ್ಣದ ಗೋಡೆಯನ್ನು ಹಳದಿ ಮಾಡುತ್ತದೆ. ಆ ದೋಷವನ್ನೇ ಔಷಧಿಯೆಂದು ಕುಡಿಯುವ ಕಾಲ ನನಗೆ ಬರುತ್ತದೆಂದು ಅಪ್ಪ ಹೇಳಿರಲಿಲ್ಲ.

ವಿಮಾ ಕಚೇರಿಯ ವರ್ಗಾವಣೆ ನನ್ನನ್ನು ಸೂರತ್ತಿಗೆ ತಂದಿತು. ದಾಲಿಗೂ ಧಾರಾಳವಾಗಿ ಬೆಲ್ಲ ಹಾಕುವ ಊರಿಗೆ ಸಕ್ಕರೆ ಕಾಯಿಲೆಯವನನ್ನು ಕಳಿಸಿದವರ ವಿವೇಕಕ್ಕೆ ಏನೆನ್ನಬೇಕು! ಊರನ್ನು ದೂರಿ ಫಲವಿಲ್ಲ, ತುಪ್ಪ ಸುರಿಯುವ ಘಾರಿ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡದ್ದು ನಾನೇ. ಈಗ ಮಾತ್ರೆ, ಇಂಜೆಕ್ಷನ್ ಎಲ್ಲ ಇದ್ದೂ ಕಣ್ಣು ಮಂಜಾಗುತ್ತಿದೆ. "ಹೋದದ್ದು ಹೋಯಿತು, ಉಳಿದದ್ದನ್ನು ನೋಡಿಕೊಳ್ಳೋಣ" ಎಂದರು ಡಾಕ್ಟರು. ನಾನು ನಕ್ಕೆ. ಒಳಗೊಳಗೇ ಹೆದರಿದೆ, ಈಗಲೂ ಹೆದರುತ್ತೇನೆ.

ಪಕ್ಕದ ಮನೆಯ ಕೋಕಿಲಾಬೆನ್ ಒಂದು ಮರದ ಲೋಟ ತಂದು, "ಭಾಯಿ, ರಾತ್ ಕೋ ಪಾನಿ ಭರೋ, ಸುಬಹ್ ಪೀ ಲೋ" ಎಂದರು. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಇಳಿಯುತ್ತದಂತೆ. ಮೂಸಿದೊಡನೆ ಹೊನ್ನೆ ಎಂದು ತಿಳಿಯಿತು. ಹೆಂಡತಿ ಸಾವಿತ್ರಿ ಅದನ್ನು ದೇವರ ಪಕ್ಕದಲ್ಲಿಟ್ಟಳು. ಬೆಳಿಗ್ಗೆ ನೀರು ಜೇನಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, "ನೋಡ್ರಿ, ಎಷ್ಟ ಛಲೋ ಬಣ್ಣ ಬಿಟ್ಟೈತಿ! ಕಣ್ಣು ಉಳೀತಾವ ಬಿಡ್ರಿ" ಎನ್ನುತ್ತಿದ್ದಳು.

ಇಂಥ ಲೋಟ ಕೆಲವು ವಾರಗಳಲ್ಲಿ ಇದ್ದ ಬಣ್ಣವನ್ನೆಲ್ಲ ಬಿಟ್ಟು ಬರಿದಾಗುತ್ತದೆ, ಆಮೇಲೆ ನೀರು ಬರೀ ನೀರೇ. ಡಿಪೋ ಗುಮಾಸ್ತರ ಮಗನಿಗೆ ಇಷ್ಟೂ ಗೊತ್ತಿಲ್ಲವೇ? ಆದರೆ ನಮ್ಮ ಲೋಟ ಮಳೆಗಾಲ ಕಳೆದು, ಉತ್ತರಾಯಣದ ಗಾಳಿಪಟಗಳು ಹಾರಿದರೂ ಬಣ್ಣ ಬಿಡುತ್ತಲೇ ಇತ್ತು. ನನಗೆ ಕಣ್ಣು ಮಂಜಾದರೂ ನಾಲಿಗೆ ನೆಟ್ಟಗಿದೆ. ಒಂದು ಬೆಳಿಗ್ಗೆ ಗುಟುಕಿನಲ್ಲಿ ಹೊನ್ನೆಯ ಒಗರು ಇರಲಿಲ್ಲ, ಚಹಾಪುಡಿಯ ಒಗರಿತ್ತು.

"ಹೆಂಗೈತ್ರಿ?" ಎಂದಳು ಸಾವಿತ್ರಿ.

"ಭಾಳ ಗಟ್ಟಿ ಮರ ನೋಡು, ಇನ್ನೂ ಬಣ್ಣ ಬಿಡಾಕತ್ತೈತಿ" ಎಂದೆ. ಅವಳು ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಸಕ್ಕರೆಯಿಲ್ಲದ ಚಹಾ ಕುಡಿಯಿರೆಂದು ವರ್ಷಗಟ್ಟಲೆ ಬೇಡಿಕೊಂಡವಳು ಅವಳು. ಪ್ರಾಣ ಹೋದರೂ ಕುಡಿಯುವುದಿಲ್ಲವೆಂದು ಹಟ ಹಿಡಿದವನು ನಾನು. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತೇನೆ. ಹಾಲೂ ಇಲ್ಲ, ತಣ್ಣಗೆ ಬೇರೆ.