ನಲವತ್ತೇಳು ಇಂಚು

ಆ ಭಾನುವಾರದ ಅನಾಹುತಕ್ಕೆಲ್ಲ ಮೂಲ ಬಟ್ಟೆ ಕತ್ತರಿಸುವ ಮೇಜಿನ ಒಂದು ಕುಂಟುಕಾಲು. ಅದು ಕುಂಟದೆ ಇದ್ದಿದ್ದರೆ ಇಂಚಪ್ಪ ಬಡಗಿಯನ್ನು ಕರೆಸುತ್ತಿರಲಿಲ್ಲ. ಬಡಗಿ ಬಾರದೆ ಇದ್ದಿದ್ದರೆ ಅವನ ಜೇಬಿನ ಸ್ಟೀಲ್ ಟೇಪು ಹೊರಗೆ ಬರುತ್ತಿರಲಿಲ್ಲ. ಆ ಹಾಳು ಟೇಪು ಹೊರಗೆ ಬಾರದೆ ಇದ್ದಿದ್ದರೆ ಇಂಚಪ್ಪ ಇನ್ನೊಂದು ವರ್ಷವಾದರೂ ನೆಮ್ಮದಿಯಾಗಿ ಬಟ್ಟೆ ಹೊಲಿದುಕೊಂಡು ಇರುತ್ತಿದ್ದ.

ಇಂಚಪ್ಪ ಅಂದರೆ ಆ ಬೀದಿಯ ಟೈಲರು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಆ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ. ಅಳತೆ ಅಂದರೆ ಇಂಚಪ್ಪನದು ಎಂದು ಬೀದಿಯವರೆಲ್ಲ ಕಣ್ಣು ಮುಚ್ಚಿ ನಂಬಿದ್ದರು. ಅವನು ನಿಮ್ಮ ಸೊಂಟ ಮೂವತ್ತೆಂಟು ಅಂದರೆ ಮೂವತ್ತೆಂಟೇ, ಕನ್ನಡಿ ಏನೇ ಹೇಳಲಿ.

ಇಂಥ ಅಳತೆಗಾರನಿಗೆ ಒಂದು ಗುಟ್ಟಿತ್ತು. ಎತ್ತರ ಅಂದರೆ ಅವನಿಗೆ ಪ್ರಾಣಭಯ. ಸ್ಟೂಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಯಲ್ಲಿ ಬಲ್ಬು ಹೋದರೆ ಹೆಂಡತಿಯೇ ಹತ್ತಬೇಕು. ಇವನು ಕೆಳಗೆ ನಿಂತು, "ನೀನು ಚೆನ್ನಾಗಿ ಹಾಕ್ತೀಯ ಕಣೇ, ನಿನ್ನ ಕೈಗುಣ" ಎಂದು ಹೊಗಳುತ್ತಿದ್ದ.

ಹೋದ ವರ್ಷ ಅಂಗಡಿಯ ಎದುರು ಗೋಡೆಗೆ ಯಾರೋ ವಾಟರ್ ಪಾರ್ಕಿನ ಪೋಸ್ಟರು ಅಂಟಿಸಿ ಹೋದರು. ಐದು ಮಹಡಿ ಎತ್ತರದಿಂದ ಸುರುಳಿ ಸುರುಳಿಯಾಗಿ ಇಳಿಯುವ ನೀರಿನ ಜಾರುಬಂಡೆ, ಅದರ ತುದಿಯಲ್ಲಿ ಬಾಯಿ ಅಗಲಿಸಿ ಕಿರುಚುತ್ತಿರುವ ಒಬ್ಬ ಮನುಷ್ಯ. ಇಂಚಪ್ಪನ ಎಂಟು ವರ್ಷದ ಮಗಳು ಗುಬ್ಬಿ ಅದನ್ನು ನೋಡಿದ್ದೇ ತಡ, "ಅಪ್ಪಾ, ಅದ್ರಲ್ಲಿ ನಾನೂ ನೀನೂ ಹೋಗ್ಬೇಕು. ಭಾಷೆ ಕೊಡು!" ಎಂದು ಕೈ ಚಾಚಿದಳು. ಇಂಚಪ್ಪನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಪೋಸ್ಟರಿನ ಕೆಳಗಿನ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು: 'ದೊಡ್ಡ ಜಾರುಬಂಡೆಗೆ ನಲವತ್ತೆಂಟು ಇಂಚು ಎತ್ತರದ ನಿಯಮವಿದೆ.' ಗುಬ್ಬಿ ಆಗ ನಲವತ್ತೈದು ಇಂಚಿದ್ದಳು. ದೇವರು ಕೈಬಿಡಲಿಲ್ಲ ಎಂದುಕೊಂಡ ಇಂಚಪ್ಪ, "ನೀನು ನಲವತ್ತೆಂಟು ಇಂಚು ಆದ ದಿನವೇ ಹೋಗೋಣ. ಅಪ್ಪನ ಮಾತು ಅಂದ್ರೆ ಮಾತು" ಎಂದು ಧಾರಾಳವಾಗಿ ಭಾಷೆ ಕೊಟ್ಟುಬಿಟ್ಟ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಗುಬ್ಬಿ ಅಂಗಡಿಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುವಳು. ಅಪ್ಪ ಅಳೆಯುವನು. ಆದರೆ ಮಕ್ಕಳು ಬೆಳೆಯುತ್ತವಲ್ಲ! ನಲವತ್ತೇಳು ದಾಟುವ ಹೊತ್ತಿಗೆ ಇಂಚಪ್ಪನಿಗೆ ನಿದ್ದೆ ಕೆಟ್ಟಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ಅವನ ಬಳಿ ಎರಡು ಟೇಪುಗಳಿದ್ದವು. ಒಂದು ಹೊಸದು, ಗಿರಾಕಿಗಳದು. ಇನ್ನೊಂದು ಇಪ್ಪತ್ತು ವರ್ಷ ಅವನ ಕೊರಳಲ್ಲಿ ನೇತಾಡಿ, ಎಳೆದೆಳೆದು ಹಿಗ್ಗಿಹೋದ ಹಳೇ ಬಟ್ಟೆ ಟೇಪು. ಅದರ ಒಂದೊಂದು ಇಂಚೂ ಹಿಗ್ಗಿದ್ದರಿಂದ ಎಂಥ ಉದ್ದವೂ ಅದರಲ್ಲಿ ಕಮ್ಮಿಯೇ ಕಾಣುತ್ತಿತ್ತು. ಭಾನುವಾರ ಮಾತ್ರ ಅದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. "ನಲವತ್ತೇಳು! ಒಂದು ನೂಲೂ ಹೆಚ್ಚಿಲ್ಲ" ಎಂದು ಇಂಚಪ್ಪ ತೀರ್ಪು ಕೊಡುವನು. ಗುಬ್ಬಿ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋಗುವಳು. ಅವನ ಕರುಳು ಚುರ್ರೆನ್ನುತ್ತಿತ್ತು, ನಿಜ. ಆದರೆ ಪೋಸ್ಟರಿನ ಕಿರುಚುವ ಮನುಷ್ಯನನ್ನು ನೋಡಿದರೆ ಆ ಚುರ್ರು ತಾನಾಗಿ ಕಮ್ಮಿಯಾಗುತ್ತಿತ್ತು.

ಆ ಭಾನುವಾರವೂ ಅದೇ ತೀರ್ಪಾಯಿತು. ಮೇಜಿನ ಕೆಳಗೆ ಮಲಗಿ ಕಾಲು ಸರಿಮಾಡುತ್ತಿದ್ದ ಬಡಗಿ ತಲೆ ಹೊರಗೆ ಹಾಕಿದ.

"ನಲವತ್ತೇಳಾ? ಆರು ತಿಂಗಳ ಹಿಂದೆ ನಾನು ಬಂದಾಗ್ಲೂ ನಲವತ್ತೇಳೇ ಅಂದಿದ್ರಲ್ಲ. ಇದೇನು ಮಗುವೋ ಮೈಲಿಗಲ್ಲೋ?"

ಇಂಚಪ್ಪ ಬೇಡ ಬೇಡ ಅನ್ನುವಷ್ಟರಲ್ಲಿ ಸ್ಟೀಲ್ ಟೇಪು ಸರ್ರನೆ ಹೊರಗೆ ಬಂದಿತ್ತು. ಬಡಗಿ ಒಂದು ಸಲ ನೋಡಿದ, ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದ.

"ನಲವತ್ತೊಂಬತ್ತು!"

ಗುಬ್ಬಿ ಹಾಕಿದ ಕೇಕೆಗೆ ಬೀದಿಯೇ ಎದ್ದು ಬಂತು. ಒಳಗಿನಿಂದ ಹೆಂಡತಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಪಕ್ಕದ ಬೇಕರಿಯಾತ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದ. ಮೂಲೆಮನೆಯ ಅಜ್ಜಿ ಊರುಗೋಲು ಮರೆತು ಬಂದರು. ಇಂಚಪ್ಪನಿಗೆ ಮಾತ್ರ ಕಾಲ ಕೆಳಗಿನ ನೆಲ ಕುಸಿದಂತಾಯಿತು.

"ಅಲ್ರೀ, ನಿಮ್ಮ ಟೇಪಲ್ಲಿ ನಲವತ್ತೇಳು, ಅವರ ಟೇಪಲ್ಲಿ ನಲವತ್ತೊಂಬತ್ತು. ಇದು ಹೇಗ್ರೀ?" ಎಂದಳು ಹೆಂಡತಿ.

ಬೇಕರಿಯಾತನ ಮುಖ ಬದಲಾಯಿತು. "ಹಾಗಾದ್ರೆ ನಿಮ್ಮ ಟೇಪೇ ತಪ್ಪಾ? ನಮ್ಮ ಬೇಕರಿ ಎಂಟು ಜನರ ಯೂನಿಫಾರಂ ನಿಮ್ಮ ಹತ್ರಾನೇ ಕೊಟ್ಟಿದೀನಿ!"

"ಅಯ್ಯೋ ನಿನ್ನ ಮನೆ ಹಾಳಾಗ!" ಎಂದರು ಅಜ್ಜಿ. "ನೀನು ಹೊಲಿದ ರವಿಕೆ ಬಿಗಿ ಆಯ್ತು ಅಂತ, ದಪ್ಪ ಆಗಿದೀನಿ ಅಂತ ತಿಳ್ಕೊಂಡು, ಒಂದು ವರ್ಷದಿಂದ ರಾತ್ರಿ ಊಟ ಬಿಟ್ಟಿದೀನಲ್ಲೋ! ನನ್ನ ಊಟ ವಾಪಸ್ ಕೊಡೋ!"

ಇಂಚಪ್ಪ ಅಡಕತ್ತರಿಯಲ್ಲಿ ಸಿಕ್ಕಿಬಿದ್ದ. ಗಿರಾಕಿಗಳ ಟೇಪು ಬೇರೆ, ಅದು ಸರಿಯಾಗಿದೆ ಅಂದರೆ, ಮಗಳಿಗೆ ಯಾಕೆ ಸುಳ್ಳು ಟೇಪು ಅನ್ನುವ ಪ್ರಶ್ನೆ ಬರುತ್ತದೆ. ಟೇಪೇ ತಪ್ಪು ಅಂದರೆ ನಾಳೆಯಿಂದ ಅಂಗಡಿಗೆ ನೊಣವೂ ಬರುವುದಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ನನ್ನ ಟೇಪು ಸರಿಯಾಗಿದೆ. ಬಡಗಿಯವರ ಟೇಪೇ ತಪ್ಪು!"

ಬಡಗಿ ಹೌಹಾರಿದ. "ಏನಂದ್ರಿ? ಮೂವತ್ತು ವರ್ಷದಿಂದ ಈ ಬೀದಿ ಬಾಗಿಲೆಲ್ಲ ಇದೇ ಟೇಪಲ್ಲಿ ಕೂರಿಸಿದೀನಿ!"

"ಅದಕ್ಕೇ ನಮ್ಮ ಬಚ್ಚಲ ಬಾಗಿಲು ಮುಚ್ಚಲ್ಲ" ಎಂದ ಬೇಕರಿಯಾತ, ಯಾರ ಪಕ್ಷವನ್ನೂ ವಹಿಸದೆ.

ಜಗಳ ಹೊತ್ತಿಕೊಂಡಿತು. ಆರಿಸಿದವಳು ಗುಬ್ಬಿ. "ವಾಟರ್ ಪಾರ್ಕಲ್ಲಿ ಅಳತೆ ಹಲಗೆ ಇರುತ್ತಂತೆ. ಅಲ್ಲೇ ನೋಡೋಣ!"

"ಮಗು ಹೇಳಿದ್ದೇ ನ್ಯಾಯ" ಎಂದರು ಅಜ್ಜಿ. "ನಡೀರಿ, ಇವತ್ತೇ!"

"ನನ್ನ ವ್ಯಾನಿದೆ" ಎಂದ ಬೇಕರಿಯಾತ. "ಆದ್ರೆ ಇಂಚಪ್ಪನವ್ರೇ, ಅಲ್ಲಿ ನಿಮ್ಮ ಟೇಪು ತಪ್ಪು ಅಂತ ಆದ್ರೆ ಯೂನಿಫಾರಂ ಬೇರೆ ಕಡೆ."

ಹೆಂಡತಿ ಆಗಲೇ ಟವೆಲು ಮಡಚುತ್ತಿದ್ದಳು. ಹಲಗೆಯಲ್ಲಿ ನಲವತ್ತೆಂಟು ದಾಟಿದರೆ ಮಾನವೂ ಹೋಯಿತು, ಐದು ಮಹಡಿಯ ಮೇಲಿಂದ ಪ್ರಾಣವೂ ಹೋಯಿತು. ಆಗ ಗುಬ್ಬಿ, "ಅಪ್ಪಾ, ನಂಗೆ ಈಜುಡುಗೆ ಇಲ್ವಲ್ಲ" ಅಂದಳು. ಇಂಚಪ್ಪನ ತಲೆಯಲ್ಲಿ ಮಿಂಚು ಹೊಡೆಯಿತು.

"ಅರ್ಧ ಗಂಟೆ ಕೊಡಿ. ಅಪ್ಪ ಇರೋವಾಗ ಮಗಳಿಗೆ ಅಂಗಡಿ ಬಟ್ಟೆ ಯಾಕೆ?"

ಬಾಗಿಲು ಹಾಕಿಕೊಂಡು ಮಿಷನ್ ತುಳಿದ. ಭುಜದಿಂದ ತೊಡೆಯವರೆಗೆ ಒಂದೇ ತುಂಡಿನ ನೀಲಿ ಈಜುಡುಗೆ. ಮುಂಭಾಗ ಸರಿಯಾದ ಅಳತೆ. ಭುಜದ ಪಟ್ಟಿ ಮಾತ್ರ ಬೇಕೆಂದೇ ಎರಡೂವರೆ ಇಂಚು ಗಿಡ್ಡ. ತೊಟ್ಟವರು ನೆಟ್ಟಗೆ ನಿಲ್ಲಲಾರರು; ಹೆಗಲು ತಾನಾಗಿ ಕುಗ್ಗಿ ಬೆನ್ನು ಬಾಗುತ್ತದೆ. ಹುಟ್ಟಿದಂದಿನಿಂದ ಇಂಚಪ್ಪ ಬೇಕೆಂದು ತಪ್ಪು ಹೊಲಿದದ್ದು ಇದೊಂದೇ. ಹೊರಗೆ ವ್ಯಾನಿನ ಹಾರನ್ನು ಬೇರೆ ಕೂಗುತ್ತಿತ್ತು. ಆ ಅವಸರದಲ್ಲಿ ಪಟ್ಟಿಗೆ ಎರಡನೇ ಹೊಲಿಗೆ ಹಾಕುವುದು ಮರೆತೇಹೋಯಿತು.

ವ್ಯಾನಿನಲ್ಲಿ ಬ್ರೆಡ್ಡಿನ ತಟ್ಟೆಗಳ ನಡುವೆ ಎಲ್ಲರೂ ಕೂತರು. ಬಡಗಿ ಇಂಚಪ್ಪನ ಮುಖ ನೋಡಲಿಲ್ಲ. ಅಜ್ಜಿ ಒಂದು ವರ್ಷದ ಬಾಕಿ ತೀರಿಸುವವರಂತೆ ಬನ್ನಿನ ಮೇಲೆ ಬನ್ನು ತಿಂದರು. ಗುಬ್ಬಿ ದಾರಿಯುದ್ದಕ್ಕೂ ಅಪ್ಪನ ಕಿರುಬೆರಳು ಹಿಡಿದುಕೊಂಡೇ ಇದ್ದಳು.

ಪಾರ್ಕಿನ ಗೇಟು ದಾಟಿದೊಡನೆ ದೊಡ್ಡ ಜಾರುಬಂಡೆ ಕಂಡಿತು. ಪೋಸ್ಟರಿನಲ್ಲಿ ಇದ್ದದ್ದಕ್ಕಿಂತ ಎತ್ತರ! ಮೇಲಿಂದ ಜನ ಬೀಳುವ ಸದ್ದಿಗೆ ಇಂಚಪ್ಪನ ಜೀವ ಬಾಯಿಗೆ ಬಂತು. ಅದರ ಬುಡದಲ್ಲಿ ಮರದ ಕಪ್ಪೆಯೊಂದು ಒಂದು ಕೈ ಚಾಚಿಕೊಂಡು ನಿಂತಿತ್ತು. ಪಕ್ಕದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಹುಡುಗಿ.

"ಕಪ್ಪೆ ಕೈ ಕೆಳಗೆ ನಿಲ್ಲಮ್ಮ. ಕೈ ತಲೆಗೆ ತಾಗಿದ್ರೆ ನಲವತ್ತೆಂಟು."

ಗುಬ್ಬಿ ನೀಲಿ ಉಡುಗೆ ತೊಟ್ಟು ಬಂದು ನಿಂತಳು. "ಅಪ್ಪಾ, ಬಿಗಿ ಕಣೋ, ಹೆಗಲು ಎಳೆಯತ್ತೆ."

"ಹೊಸ ಬಟ್ಟೆ ಅಲ್ವೇನಮ್ಮ, ಹಾಗೇ."

"ನೆಟ್ಟಗೆ ನಿಲ್ಲೇ ಹುಡುಗಿ!" ಎಂದರು ಅಜ್ಜಿ.

"ನೆಟ್ಟಗೇ ನಿಂತಿದೀನಿ ಅಜ್ಜಿ!"

ಎಲ್ಲರೂ ಬಗ್ಗಿ ನೋಡಿದರು. ಕಪ್ಪೆಯ ಕೈಗೂ ಗುಬ್ಬಿಯ ತಲೆಗೂ ನಡುವೆ ಎರಡು ಬೆರಳಿನ ಸಂದಿತ್ತು.

"ನಲವತ್ತೇಳು!" ಎಂದು ಇಂಚಪ್ಪ ಕೂಗಿದ. "ಒಂದು ನೂಲೂ ಹೆಚ್ಚಿಲ್ಲ!"

ಬೇಕರಿಯಾತ ಅವನ ಕೈ ಕುಲುಕಿದ. ಬಡಗಿ ಟೇಪನ್ನು ಅಂಗೈಯಲ್ಲಿ ಇಟ್ಟುಕೊಂಡು, ಸತ್ತ ಹಕ್ಕಿಯನ್ನು ನೋಡುವ ಹಾಗೆ ನೋಡುತ್ತಿದ್ದ. "ಮೂವತ್ತು ವರ್ಷ... ಎಲ್ಲಾ ಬಾಗಿಲೂ..." ಎಂದು ಗೊಣಗುತ್ತಿದ್ದ. ಇಂಚಪ್ಪನಿಗೆ ಪಾಪ ಅನ್ನಿಸಿತು. ಆದರೆ ಮಾನ ಉಳಿದಿತ್ತು, ಪ್ರಾಣ ಉಳಿದಿತ್ತು. ಅವನು ದೊಡ್ಡ ಮನಸ್ಸು ಮಾಡಿ ಮಗಳ ತಲೆ ಸವರಿದ.

"ಬೇಜಾರು ಮಾಡ್ಕೋಬೇಡ ಗುಬ್ಬಿ. ನಿಯಮ ಅಂದ್ರೆ ನಿಯಮ. ಮುಂದಿನ ವರ್ಷ ನಾವಿಬ್ರೂ ಹೋಗೋಣ."

"ಮುಂದಿನ ವರ್ಷ ಯಾಕೆ ಸಾರ್?" ಎಂದಳು ಸೀಟಿ ಹುಡುಗಿ. "ಈಗ್ಲೇ ಹೋಗ್ಬಹುದಲ್ಲ."

"ಅಂದ್ರೆ? ನಲವತ್ತೆಂಟು ಆಗಿಲ್ವಲ್ಲ?"

"ಆಗಿದ್ರೆ ಒಬ್ಬಳೇ ಹೋಗ್ಬೇಕಿತ್ತು. ದೊಡ್ಡೋರ ಜೊತೆ ಕಳಿಸಲ್ಲ. ಆಗಿಲ್ವಲ್ಲ, ಹಾಗಾಗಿ ಅಪ್ಪ ಇಲ್ಲಾ ಅಮ್ಮ ತೊಡೆ ಮೇಲೆ ಕೂರಿಸ್ಕೊಂಡು ಹೋಗ್ಬೇಕು. ಅದೇ ನಿಯಮ."

ಇಂಚಪ್ಪನಿಗೆ ಸಿಡಿಲು ಬಡಿದಂತಾಯಿತು. ನಿಜ ಅಳತೆ ಹೇಳಿದ್ದರೆ ಮಗಳು ಒಬ್ಬಳೇ ಹೋಗಿ ಬರುತ್ತಿದ್ದಳು, ಇವನು ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ದರೆ ಸಾಕಿತ್ತು! ಇಷ್ಟು ತಿಂಗಳು ಇಂಚಿಂಚಾಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿದ್ದ. ಹೆಂಡತಿಯ ಕಡೆ ದೀನನಾಗಿ ನೋಡಿದ.

"ನನ್ನ ಯಾಕ್ರೀ ನೋಡ್ತೀರ? ಭಾಷೆ ಕೊಟ್ಟೋರು ನೀವು. ಬಲ್ಬು ಹಾಕೋದು ಮಾತ್ರ ನನ್ನ ಕೆಲಸ" ಎಂದಳು ಅವಳು. ಗುಟ್ಟು ಅವಳಿಗೆ ಯಾವತ್ತೋ ಗೊತ್ತಿತ್ತು ಅನ್ನುವುದು ಅವನಿಗೆ ಆಗ ಗೊತ್ತಾಯಿತು.

ಐದು ಮಹಡಿ ಹೇಗೆ ಹತ್ತಿದನೋ ಅವನಿಗೇ ನೆನಪಿಲ್ಲ. ಗುಬ್ಬಿ ತೊಡೆಯ ಮೇಲೆ ಕೂತು, "ಭಯ ಆದ್ರೆ ನನ್ನ ಹಿಡ್ಕೋ ಅಪ್ಪಾ" ಅಂದದ್ದು ನೆನಪಿದೆ. ಯಾರೋ ದೂಡಿದರು. ಆಮೇಲೆ ಆಕಾಶ ಕೆಳಗೆ ಬಂತು, ನೀರು ಮೂಗಿಗೆ ನುಗ್ಗಿತು, ಯಾರೋ ಗಂಟಲು ಹರಿಯುವಂತೆ ಕಿರುಚಿದರು. ಅದು ತಾನೇ ಎಂದು ಅರ್ಥವಾಗುವ ಹೊತ್ತಿಗೆ ದೊಪ್ಪನೆ ಕೊಳದಲ್ಲಿ ಬಿದ್ದಿದ್ದ. ಬೀಳುವಾಗ ಕಿವಿಯ ಹತ್ತಿರ 'ಪಟಾರ್' ಎಂಬ ಸದ್ದಾಗಿತ್ತು.

ಗುಬ್ಬಿ ನೀರಿನಿಂದ ಎದ್ದು ನಿಂತಳು. ಒಂಟಿ ಹೊಲಿಗೆಯ ಪಟ್ಟಿಗಳು ಕಿತ್ತು ಎರಡೂ ಕಡೆ ನೇತಾಡುತ್ತಿದ್ದವು. ಅಮ್ಮ ಓಡಿ ಬಂದು ಟವೆಲು ಸುತ್ತಿದಳು. "ಅಬ್ಬಾ, ಈಗ ಹಾಯಾಯ್ತು!" ಎಂದು ಮಗು ಕಪ್ಪೆಯ ಪಕ್ಕ ಬಂದು ಮೈ ಮುರಿದು ನೆಟ್ಟಗಾಯಿತು. ತಲೆ ಕಪ್ಪೆಯ ಕೈಗೆ ಟಕ್ಕೆಂದು ಬಡಿಯಿತು.

ಬಡಗಿ ಹದ್ದಿನಂತೆ ಎರಗಿ ಟೇಪು ಎಳೆದ. "ನಲವತ್ತೊಂಬತ್ತು!" ಆಮೇಲೆ ಆ ಕಿತ್ತ ಪಟ್ಟಿಯನ್ನು ಎತ್ತಿ ಮಗುವಿನ ಹೆಗಲಿಗೆ ಹಿಡಿದ; ಎರಡೂವರೆ ಇಂಚು ಗಿಡ್ಡ. ಆ ಸಂದನ್ನು ಎಲ್ಲರಿಗೂ ತೋರಿಸಿದ. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಥೂ ಇಂಚಪ್ಪಾ! ಹೆತ್ತ ಮಗಳ ಬೆನ್ನು ಬಗ್ಗಿಸಿದ್ಯಲ್ಲೋ!" ಎಂದರು ಅಜ್ಜಿ. ಬೇಕರಿಯಾತ, "ಯೂನಿಫಾರಂ ಬಟ್ಟೆ ನಾಳೆ ಬೆಳಿಗ್ಗೆ ಬಂದು ತಗೊಂಡ್ ಹೋಗ್ತೀನಿ" ಎಂದಷ್ಟೇ ಹೇಳಿದ. ಹೆಂಡತಿ ಇವನಿಗೆ ಬೆನ್ನು ತಿರುಗಿಸಿ ಮಗಳ ತಲೆ ಒರೆಸತೊಡಗಿದಳು.

ಇಂಚಪ್ಪ ನೀರು ಸೋರಿಸುತ್ತಾ ತಲೆ ತಗ್ಗಿಸಿ ನಿಂತ. ಆಗ ಸೀಟಿ ಹುಡುಗಿ, "ಓ, ನಲವತ್ತೆಂಟು ದಾಟಿದಾಳೆ! ಹಾಗಾದ್ರೆ ಇನ್ಮೇಲೆ ಒಬ್ಬಳೇ ಹೋಗ್ಲಿ ಸಾರ್, ನೀವು ಬರೋ ಹಾಗಿಲ್ಲ" ಎಂದಳು. ಮಾನ ಹೋದರೂ ಪ್ರಾಣವಾದರೂ ಉಳಿಯಿತಲ್ಲ ಎಂದು ಇಂಚಪ್ಪ ದೊಡ್ಡ ಉಸಿರು ಬಿಟ್ಟ.

ಗುಬ್ಬಿ ಅಪ್ಪನನ್ನು ನೋಡಿದಳು. ಕಪ್ಪೆಯನ್ನು ನೋಡಿದಳು. ಟವೆಲನ್ನು ಕಾಲಿನವರೆಗೆ ಎಳೆದುಕೊಂಡು, ಅದರೊಳಗೆ ಮೊಣಕಾಲು ಮೆಲ್ಲಗೆ ಬಗ್ಗಿಸಿ, ಮತ್ತೆ ಆ ಚಾಚಿದ ಕೈಯ ಕೆಳಗೆ ನಿಂತಳು.

"ಅಕ್ಕಾ, ಇನ್ನೊಂದ್ಸಲ ನೋಡಿ. ನಾನಿನ್ನೂ ಗಿಡ್ಡ. ಅಪ್ಪ ಬರ್ಲೇಬೇಕು."

ಸೀಟಿ ಹುಡುಗಿ ತಬ್ಬಿಬ್ಬಾಗಿ ಸುತ್ತಲಿದ್ದವರ ಮುಖ ನೋಡಿದಳು. ಇಂಚಪ್ಪ ಕೈ ಮುಗಿಯುವಂತೆ ಬಡಗಿಯ ಕಡೆ ನೋಡಿದ. ಬಡಗಿ ನಿಧಾನವಾಗಿ ಬಂದ, ಗುಬ್ಬಿಯ ತಲೆಯಿಂದ ನೆಲದವರೆಗೆ ಸ್ಟೀಲ್ ಟೇಪು ಇಳಿಬಿಟ್ಟ, ಕಣ್ಣು ಕಿರಿದು ಮಾಡಿ ಓದಿದ.

"ನಲವತ್ತೇಳು" ಎಂದ. "ಒಂದು ನೂಲೂ ಹೆಚ್ಚಿಲ್ಲ."