ಕೈಯಲ್ಲಿ ತೂಗಿ ತಂದ ಪವರ್ ಸಪ್ಲೈ

ಆಲಮಟ್ಟಿ ಆಣೆಕಟ್ಟಿನ ಕಚೇರಿಯಲ್ಲಿ ವಿದ್ಯುತ್ ವಿಭಾಗದಲ್ಲಿರುವ ಗಂಡನನ್ನು ಯಾವ ಹೆಂಗಸೂ ಕಟ್ಟಿಕೊಳ್ಳಬಾರದು. ಆಣೆಕಟ್ಟು ಮುಗಿದರೂ ಇವರ ಲೆಕ್ಕ ಮುಗಿಯುವುದಿಲ್ಲ. ಅದು ೨೦೦೩ರ ಬೇಸಿಗೆ. ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವುದಾಗಿ ನಮ್ಮವರು ಪಣ ತೊಟ್ಟು ಎರಡು ತಿಂಗಳಾಗಿತ್ತು. ಎಲ್ಲ ಬಂದಿತ್ತು, ಪವರ್ ಸಪ್ಲೈ ಒಂದನ್ನು ಬಿಟ್ಟು. (ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ತಗಡಿನ ಡಬ್ಬಿ ಅದು. ಮನೆಯಲ್ಲಿ ನಾನಿದ್ದ ಹಾಗೆ. ಎಲ್ಲರಿಗೂ ಬಡಿಸಬೇಕು, ಹೆಸರು ಮಾತ್ರ ಇಲ್ಲ.)

"ಮುನ್ನೂರು ವ್ಯಾಟ್ ಸಾಕಾಗತೈತಿ. ಆದ್ರ ಮುಂದ ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿದ್ರ?" ಎನ್ನುವರು.

"ಹಾಕಿದಾಗ ನೋಡೂನಂತರಿ."

"ಬ್ಯಾಸಗಿ ಬ್ಯಾರೆ. ವೋಲ್ಟೇಜ್ ಇಳಿತೈತಿ, ಅದನ್ನೂ ಹಿಡೀಬೇಕಲ್ಲ?"

"ನನ್ನ ನೋಡಾಕ ಬಂದಾಗ ಇಷ್ಟು ವಿಚಾರ ಮಾಡಿದ್ರೇನ್ರಿ?"

"ಇಲ್ಲ. ಅದಕ್ಕ ಈಗ ಮಾಡಾಕತ್ತೇನಿ."

ನನಗೆ ಅವಸರವಿತ್ತು. ಕನ್ನಡ ಟೈಪಿಂಗ್ ಸೀನಿಯರ್ ಪಾಸಾಗಿ ಹನ್ನೊಂದು ವರ್ಷ ಬರೀ ರೊಟ್ಟಿ ಬಡಿದಿದ್ದೆ. ನಮ್ಮ ಬಾಗೇವಾಡಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿರುವ ಗುರಲಿಂಗಪ್ಪನವರು, "ಶುಕ್ರವಾರದೊಳಗ ಒಂದು ಲಗ್ನಪತ್ರಿಕೆ ಮಾಡಿ ತೋರಸ್ರಿ ತಂಗಿ. ಚಲೋ ಆದ್ರ ಮುಂದಿನ ಕೆಲಸ ಎಲ್ಲಾ ನಿಮಗ," ಎಂದಿದ್ದರು. ನನ್ನದು ಅಂತ ಬಂದ ಮೊದಲ ಕೆಲಸ. ಅದನ್ನು ವ್ಯಾಟಿನ ಕೈಗೆ ಕೊಡಲು ನಾನು ತಯಾರಿರಲಿಲ್ಲ.

ಸೋಮವಾರ ನಾನೇ ತಾಳಿಕೋಟೆ ಬಸ್ಸು ಹತ್ತಿದೆ. ಅಲ್ಲಿ ಜೈನುದ್ದೀನನ ಅಂಗಡಿಯಲ್ಲಿ ಎರಡು ಡಬ್ಬಿಗಳಿದ್ದವು. ಒಂದೊಂದನ್ನು ಒಂದೊಂದು ಕೈಯಲ್ಲಿ ಹಿಡಿದು ತೂಗಿದೆ. ನಮ್ಮ ತವರಿನಲ್ಲಿ ಹಿತ್ತಾಳೆ ಕೊಡದಿಂದ ಹಿಡಿದು ಗಜ್ಜರಿವರೆಗೆ ಎಲ್ಲವನ್ನೂ ಹೀಗೆ ನೋಡಿಯೇ ತರುವುದು. ಹಗುರ ಇದ್ದದ್ದು ಟೊಳ್ಳು. ಭಾರದ ಡಬ್ಬಿಯ ಮೇಲೆ ಐನೂರು ವ್ಯಾಟ್ ಅಂತಲೂ ಬರೆದಿತ್ತು.

"ಅಕ್ಕಾರ, ಅದು ಬ್ಯಾಡ್ರಿ," ಎಂದ ಜೈನುದ್ದೀನ. "ಯಾರೋ ವಾಪಸ್ ತಂದದ್ದು, ತಿರುಗಿ ಕಳಸಾಕ ಇಟ್ಟೇನಿ. ಈ ಮುನ್ನೂರಿಂದು ಒಯ್ರಿ, ಖರೇ ಮಾಲು."

ಮಾರುವವನೇ ಬೇಡ ಎನ್ನುತ್ತಾನೆಂದರೆ ಒಳ್ಳೆಯದನ್ನು ಬೇರೆ ಗಿರಾಕಿಗೆ ಎತ್ತಿಟ್ಟಿದ್ದಾನೆ ಎಂದೇ ಅರ್ಥ. ಸಂತೆಯಲ್ಲಿ ಬೆಳೆದವಳಿಗೆ ಅಷ್ಟೂ ತಿಳಿಯದೆ? ಜಗಳಾಡಿ ಭಾರದ್ದನ್ನೇ ತಂದೆ.

ನಮ್ಮವರು ಡಬ್ಬಿಯನ್ನು ಕೈಯಲ್ಲಿ ಹಿಡಿದರು, ಅಲುಗಾಡಿಸಿದರು, ಜೋಡಿಸಿಕೊಟ್ಟರು. "ಒಂದು ಫೋನ್ ಮಾಡಿ ಬರ್ತೇನಿ," ಎಂದು ಎಸ್.ಟಿ.ಡಿ. ಬೂತಿಗೆ ಹೋದರು. ಎರಡು ತಿಂಗಳ ಮಹಾಮಂಥನವನ್ನು ಎರಡೇ ನಿಮಿಷದಲ್ಲಿ ಮುಗಿಸಿದೆನೆಂದು ನಾನು ಓಣಿಗೆಲ್ಲ ಹೇಳಿಕೊಂಡು ಬಂದೆ.

ಕಂಪ್ಯೂಟರ್ ಹತ್ತಿತು. ವರನ ಹೆಸರು ಬರೆದು ಕನ್ಯೆಯ ಹೆಸರಿಗೆ ಬರುವಷ್ಟರಲ್ಲಿ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೂರು ದಿನದಲ್ಲಿ ವರನಿಗೆ ನಲವತ್ತು ಸಲ ನಾಮಕರಣವಾಯಿತು, ಕನ್ಯೆಗೆ ಒಮ್ಮೆಯೂ ಆಗಲಿಲ್ಲ.

ಡಬ್ಬಿಯದು ತಪ್ಪಿರಲು ಸಾಧ್ಯವೇ ಇಲ್ಲ, ನಾನು ತೂಗಿ ತಂದದ್ದು. ಮನೆಯ ಕರೆಂಟೇ ಸಾಲುತ್ತಿಲ್ಲವೆಂದು ತೀರ್ಮಾನಿಸಿ ಫ್ರಿಜ್ ಆರಿಸಿದೆ, ಫ್ಯಾನ್ ಆರಿಸಿದೆ. ಅತ್ತೆ ಇಂದುಬಾಯಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಇಷ್ಟು ಉಪಚಾರ ಮಾಡಾಕ ಇದೇನು ಹೊಸಾ ಅಳಿಯಾ ಏನ?" ಎಂದರು. ಮಿಕ್ಸರ್ ನಿಲ್ಲಿಸಲು ಪಕ್ಕದ ಮನೆಯ ಶಮಶಾದಬಿಗೂ ಹೇಳಿ ನೋಡಿದೆ. "ಮಸಾಲಿ ನಿನ್ನ ಕಂಪ್ಯೂಟರ್‌ದಾಗ ಅರದ್ಕೊಡ್ತಿಯೇನ?" ಎಂದಳು.

ಗುರುವಾರ ನಮ್ಮವರು ಸ್ಕ್ರೂ ತಿರುಗಿಸಿ ಡಬ್ಬಿ ಬಿಚ್ಚಿದರು. ಒಳಗೆ ನಾಲ್ಕು ಸಣಕಲು ತಂತಿ, ಬದಿಯಲ್ಲಿ ಅಂಗೈ ಅಗಲದ ಸಿಮೆಂಟಿನ ಗಡ್ಡೆ. ನಾನು ತೂಗಿದ್ದು ಅದನ್ನು. ಕೆಲಸ ಕೈತಪ್ಪಿತೆಂದು ಅಲ್ಲೇ ಕೂತು ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ.

"ನಾಳೆ ಮೊದಲನೇ ಬಸ್ಸಿಗೆ ಹೋಗಿ ಬಾ," ಎಂದರು ಇವರು.

ಶುಕ್ರವಾರ ಮುಂಜಾನೆ ನನ್ನನ್ನು ಕಂಡದ್ದೇ ತಡ, ಜೈನುದ್ದೀನ ಹಗುರದ ಡಬ್ಬಿ ಮುಂದಿಟ್ಟ. ಮೇಲೆ ನಮ್ಮವರ ಹೆಸರು ಬರೆದ ಚೀಟಿ. "ಮಡಿವಾಳಪ್ಪ ಸರ್ ಸೋಮವಾರನ ಫೋನ್ ಮಾಡಿದ್ರು ಅಕ್ಕಾರ. 'ನಮ್ಮಾಕಿ ಶುಕ್ರವಾರ ಬರ್ತಾಳ, ತೆಗೆದಿಡು' ಅಂದ್ರು."

ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದೆ. ಡಬ್ಬಿ ಕೂತಿತು, ಕನ್ಯೆಗೆ ಹೆಸರು ಬಂತು, ಸಂಜೆಗೆ ಗುರಲಿಂಗಪ್ಪನವರು ಪತ್ರಿಕೆ ನೋಡಿ ಮತ್ತೊಂದು ಕಟ್ಟು ಕೆಲಸ ಕೊಟ್ಟು ಕಳಿಸಿದರು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಸೋಮವಾರನ ಗೊತ್ತಿತ್ತಲ್ರಿ ನಿಮಗ. ಯಾಕ ಹೇಳಲಿಲ್ಲ?"

"ಹೇಳೂದೋ ಬ್ಯಾಡೋ ಅಂತ ವಿಚಾರ ಮಾಡಾಕತ್ತಿದ್ದೆ," ಎಂದರು.

ನಾಲ್ಕು ದಿನ ಬೆಂದಿದ್ದ ಅತ್ತೆ ಎದ್ದು ಫ್ಯಾನ್ ಹಚ್ಚಿದರು. ಗುರಲಿಂಗಪ್ಪನವರ ಕಾಗದಗಳೆಲ್ಲ ಹಾರತೊಡಗಿದವು. ನಾನು ಎರಡೂ ಕೈಯಿಂದ ಹಿಡಿಯುತ್ತಿರುವಾಗ ಅತ್ತೆ ಒಳಗಿನಿಂದ ಆ ಸಿಮೆಂಟಿನ ಗಡ್ಡೆ ತಂದು ಅವುಗಳ ಮೇಲಿಟ್ಟು, ಒಮ್ಮೆ ಒತ್ತಿ ನೋಡಿ ಹೇಳಿದರು:

"ಚಲೋದ ಆರಿಸಿ ತಂದಿ ಬಿಡವಾ. ಭಾರ ಐತಿ."