ಗುತ್ತಲಿನ ಹಿತ್ತಲಲ್ಲಿ ವೆಲ್ಡಿಂಗು

ಕಾಯಿಲೆ ಇರುವ ಮನೆಯಲ್ಲಿ ನಗಬಾರದು ಅಂತ ಎಲ್ಲರೂ ತಿಳಿದಿರುತ್ತಾರೆ. ನೋಡಲು ಬಂದವರು ಚಪ್ಪಲಿ ಬಿಡುವಾಗಲೇ ಮುಖ ಇಳಿಸಿಕೊಂಡಿರುತ್ತಾರೆ. ಆದರೆ ನಗು ಬರುವಂಥದ್ದು ನಡೆಯುವುದು ಅಂಥ ಮನೆಯಲ್ಲೇ. ನಮ್ಮ ಮನೆಯಲ್ಲಂತೂ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು.

ನಾನು ಬ್ಲೌಸ್ ಹೊಲಿಯುವವಳು. ಮಂಡ್ಯದ ಗುತ್ತಲಿನಲ್ಲಿ ಮನೆ, ಪಕ್ಕದ ಬೀದಿಯಲ್ಲಿ ಅಂಗಡಿ. ನಮ್ಮ ಯಜಮಾನರು ಮಂಡ್ಯದಿಂದ ಮಳವಳ್ಳಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಹೋದ ವರ್ಷ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಟೀ ಲೋಟ ಕೈಯಲ್ಲಿ ಹಿಡಿದು ನಿಂತಿದ್ದವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತು ಪೂರ್ತಿ ನಿಂತುಹೋಯಿತು.

ಗುರುತು

ಆಸ್ಪತ್ರೆಯಲ್ಲಿ ಎಷ್ಟೋ ದಿನ ಅವರು ಬಾಯಿ ಬಿಡಲಿಲ್ಲ. ನಾನು ತಲೆದಿಂಬಿನ ಹತ್ತಿರ ಕೂತು, "ಏನಾದ್ರೂ ಅನ್ನಿ, ನನ್ನ ಹೆಸರಾದ್ರೂ ಅನ್ನಿ" ಅಂತ ಗೋಗರೆಯುತ್ತಿದ್ದೆ. ಒಂದು ಬೆಳಿಗ್ಗೆ ತುಟಿ ಅಲ್ಲಾಡಿತು. ನಾನು ಕಿವಿ ಹತ್ತಿರ ತಂದೆ. "ಬಡ್ಡೆತ್ತದ್ದು" ಅಂದರು.

ಡಾಕ್ಟರಿಗೆ ಖುಷಿಯೋ ಖುಷಿ. "ಒಳ್ಳೇ ಲಕ್ಷಣ ಅಮ್ಮ, ಹೀಗೆ ಆದವರಿಗೆ ಬೈಗುಳಾನೇ ಮೊದಲು ವಾಪಸ್ ಬರೋದು" ಅಂದರು. ಅಲ್ಲಿಂದ ಎಲ್ಲಕ್ಕೂ ಅದೊಂದೇ ಮಾತಾಯಿತು. ನೀರಿಗೂ ಅದೇ, ಗಂಜಿಗೂ ಅದೇ, ನೋಡಲು ಬಂದ ಬಸ್ಸಿನ ಮಾಲೀಕರಿಗೂ ಅದೇ. ಮಾಲೀಕರು ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದರು.

ಕಳಿಸುವ ದಿನ ಡಾಕ್ಟರು ಅವರ ಮುಂದೆ ಬಗ್ಗಿ ನಿಂತು, "ನಾನು ಯಾರು, ಹೇಳಿ ನೋಡೋಣ?" ಅಂದರು.

ನಮ್ಮವರು ಅವರನ್ನೇ ನೆಟ್ಟಗೆ ನೋಡಿ, ಒಂದಕ್ಷರ ತೊದಲದೆ ಅದನ್ನೇ ಹೇಳಿದರು.

ಡಾಕ್ಟರು ನರ್ಸ್ ಕಡೆ ತಿರುಗಿ, "ಗುರುತು ಸಿಕ್ತಾ ಇದೆ. ಮನೆಗೆ ಕಳಿಸಿ" ಅಂದರು.

ಅರ್ತು

ನಮ್ಮದು ಹಳೇ ಮನೆ. ಬಚ್ಚಲು, ಕಕ್ಕಸು ಎಲ್ಲ ಹಿತ್ತಲಲ್ಲಿ. ಹಿಂಬಾಗಿಲಿನಿಂದ ಮೆಟ್ಟಿಲು ಇಳಿದು ಹೋಗಬೇಕು. ಒಂದು ದಿನ ನಾನು ಅಂಗಡಿಯಿಂದ ಊಟಕ್ಕೆ ಬಂದರೆ ಅವರು ಆ ಮೆಟ್ಟಿಲ ಕೆಳಗೆ ಬಿದ್ದಿದ್ದರು. ಯಾವಾಗ ಬಿದ್ದರೋ ಗೊತ್ತಿಲ್ಲ. ಪಂಚೆ ಒದ್ದೆಯಾಗಿತ್ತು, ಬಲಗೈ ತುಂಬ ಇರುವೆ ಹತ್ತಿದ್ದವು. ಆ ಕೈಗೆ ಇರುವೆ ಕಚ್ಚಿದ್ದೂ ತಿಳಿಯುತ್ತಿರಲಿಲ್ಲ. ಅವತ್ತು ಅವರು ಬೈಯಲೂ ಇಲ್ಲ. ಗೋಡೆ ಕಡೆ ಮುಖ ಮಾಡಿಕೊಂಡರು. ಇನ್ನೊಂದು ಸಲ ಬಿದ್ದು ಸೊಂಟ ಮುರಿದರೆ ಮತ್ತೆ ಏಳುವುದಿಲ್ಲ ಅಂತ ಡಾಕ್ಟರು ಎಚ್ಚರಿಸಿದರು.

ಹಿಡಿದುಕೊಂಡು ನಡೆಯಲು ಒಂದು ಕಬ್ಬಿಣದ ಕಂಬಿ ಹಾಕಿಸೋಣ ಅಂತ ವೆಲ್ಡಿಂಗ್ ಅಂಗಡಿಗೆ ಹೋದೆ. "ಇಷ್ಟ್ ಸಣ್ ಕೆಲ್ಸಕ್ಕೆ ಮಿಸನ್ ಒತ್ಕಬರಕಾಯ್ತದಾ ಅಕ್ಕ? ಗೇಟ್‌ಗೀಟ್ ಇದ್ರೆ ಏಳಿ" ಅಂದ ಅಂಗಡಿಯವನು. ಇನ್ನೊಬ್ಬ ನಾಳೆ ಅಂದ. ಅವನ ನಾಳೆ ಬರಲೇ ಇಲ್ಲ. ಬೆಸಗರಹಳ್ಳಿಯಲ್ಲಿ ಬೇಸಾಯ ಮಾಡುವ ನನ್ನ ತಮ್ಮ ಟ್ರ್ಯಾಕ್ಟರ್ ಟ್ರೈಲರ್ ರಿಪೇರಿಗೆ ಅಂತ ಇಟ್ಟುಕೊಂಡಿದ್ದ ಸಣ್ಣ ವೆಲ್ಡಿಂಗ್ ಮಿಷನ್ ತಂದು ಇಳಿಸಿದ. "ನೀನೇ ಮಾಡಕ್ಕ, ಬ್ಲೌಸ್‌ಗೆ ಒಲಿಗೆ ಆಕ್ದಂಗೇಯ. ಫೋನಲ್ಲಿ ಏಳ್ಕೊಡ್ತೀನಿ" ಅಂದು ನಾಟಿ ಕೆಲಸ ಇದೆ ಅಂತ ಹೊರಟುಹೋದ.

ಅವನು ಹೇಳಿದ ಹಾಗೇ ಎಲ್ಲ ಮಾಡಿದೆ. ಒಂದು ಕಿಡಿ ಬರಲಿಲ್ಲ. ಫೋನ್ ಮಾಡಿದೆ.

"ಅರ್ತ್ ಆಕಿದ್ದೀಯಾ?"

"ಆಕಿವ್ನಿ ಕಣ್ಲಾ."

"ಎಲ್ಗೆ?"

"ಭೂಮಿಗೆ. ಅರ್ತ್ ಅಂದ್ರೆ ಭೂಮಿ ತಾನೇ? ಮಣ್ಣು ಒಣಗೋಗಿತ್ತು, ಒಂದ್ ಚೊಂಬು ನೀರೂ ಉಯ್ದಿವ್ನಿ."

ತಮ್ಮ ಮೆತ್ತಗೆ ಅಂದ: "ಮೊದ್ಲು ಸ್ವಿಚ್ ಆರ್ಸು. ದೂರ ನಿಂತ್ಕೊ. ಆ ವೈರಿನ್ ಕ್ಲಿಪ್ಪ ಬೆಸುಗೆ ಆಕೋ ಕಬ್ಬಿಣಕ್ಕೆ ಕಚ್ಚಿಸ್ಬೇಕು ಕಣಕ್ಕ. ನೀರುಯ್ದ್ರೆ ಚಿಗುರಕೆ ಅದೇನ್ ನುಗ್ಗೆ ಕಡ್ಡಿಯಾ?"

ಸ್ಟೂಲು

ಕಂಬಿಗೆ ಮೊದಲು ಕೈ ಪಳಗಲಿ ಅಂತ ತಮ್ಮ ಒಂದು ಸ್ಟೂಲು ಮಾಡಲು ಹೇಳಿದ. ಯಜಮಾನರನ್ನು ಕೂರಿಸಿ ಸ್ನಾನ ಮಾಡಿಸಲು ಬೇಕಾಗಿತ್ತು. ಮೊದಮೊದಲು ವೆಲ್ಡಿಂಗ್ ರಾಡು ಹೋಗಿ ಕಬ್ಬಿಣಕ್ಕೇ ಅಂಟಿಕೊಳ್ಳುತ್ತಿತ್ತು, ಎಳೆದರೂ ಬರುತ್ತಿರಲಿಲ್ಲ. ಬ್ಲೌಸಾದರೆ ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು, ಇದನ್ನೇನು ಬಿಚ್ಚುವುದು? ಅಂತೂ ನಾಲ್ಕು ಕಾಲು ನಿಂತವು. ಫೋಟೋ ತೆಗೆದು ಕಳಿಸಿದೆ.

"ಅಕ್ಕ, ಇದು ವೆಲ್ಡಿಂಗಾ, ಕಾಗೆ ಇಕ್ಕೆನಾ?" ಅಂತ ಕೇಳಿದ.

ರೋಷ ಬಂತು. ಯಜಮಾನರನ್ನು ಹಿಂಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಅವರಿಗೆ ಧೈರ್ಯ ಬರಲಿ ಅಂತ ಅವರ ಕಣ್ಣೆದುರಿಗೇ ಸ್ಟೂಲಿನ ಮೇಲೆ ರಾಗಿ ಮೂಟೆ ಇಟ್ಟೆ. "ನೋಡಿ, ಎಂಗ್ ನಿಂತದೆ!" ಅಂದೆ. ಅಂದ ಕೂಡಲೇ ಒಂದು ಕಾಲು ಟಪ್ಪಂತ ಕಿತ್ತುಬಂತು. ಮೂಟೆ ಮಗುಚಿ, ಬಾಯಿ ಬಿಚ್ಚಿ, ಹಿತ್ತಲ ತುಂಬ ರಾಗಿಯಾಯಿತು.

ಅವರು ಒಂದು ಸಲ ಮೂಟೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಸ್ಟೂಲನ್ನು ಮತ್ತೆ ಗಟ್ಟಿಯಾಗಿ ಬೆಸೆದೆ, ಆದರೂ ಆಮೇಲೆ ಬಹಳ ದಿನ ಸ್ನಾನ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಎಡಗೈಯಲ್ಲಿ ಮಂಚವನ್ನು ಭದ್ರವಾಗಿ ಹಿಡಿದುಕೊಳ್ಳುತ್ತಿದ್ದರು.

ಕಣ್ಣು

ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಹಿಡಿಯಲು ತಮ್ಮ ಕಪ್ಪು ಗಾಜಿನ ಮುಖವಾಡ ಕೊಟ್ಟಿದ್ದ. ಅದರಲ್ಲಿ ಏನೂ ಕಾಣುವುದಿಲ್ಲ ಅಂತ ನಾನು ತೆಗೆದಿಟ್ಟು, ನಮ್ಮ ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದ ಕರಿ ಕನ್ನಡಕ ಹಾಕಿಕೊಂಡು ದಿನವೆಲ್ಲ ಬೆಸೆದೆ. ಮಾರನೇ ಬೆಳಿಗ್ಗೆ ಎದ್ದರೆ ಕಣ್ಣಿಗೆ ಮರಳು ತುಂಬಿದ ಹಾಗೆ. ರೆಪ್ಪೆ ಊದಿಕೊಂಡು, ಧಾರೆಧಾರೆ ನೀರು. ತಡವರಿಸಿಕೊಂಡು ಬಾಗಿಲಿಗೆ ಬಂದೆ.

ಎದುರು ಮನೆಯ ಅಜ್ಜಿ ನೋಡಿ, "ಏನಾಯ್ತು ಮಗ?" ಅಂದಿತು. ಉರಿಗೆ ಮಾತೇ ಹೊರಡಲಿಲ್ಲ. ಏನೂ ಕೇಳಬೇಡಿ ಅಂತ ಕೈ ಆಡಿಸಿದೆ. ಅಜ್ಜಿ ಒಳಗೆ ಹೋಗಿದ್ದು ಫೋನ್ ಮಾಡಲಿಕ್ಕೆ ಅಂತ ನನಗೇನು ಗೊತ್ತು?

ಮಧ್ಯಾಹ್ನ ನಮ್ಮ ಯಜಮಾನರ ಅಕ್ಕ ಮಳವಳ್ಳಿಯಿಂದ ಬಂದರು. ಬೀದಿ ಮೂಲೆಯಿಂದಲೇ, "ಅಯ್ಯೋ ನನ್ನಪ್ಪಾ, ನನ್ ಬುಟ್ಟು ಓದ್ಯಾ ತಮ್ಮಾ" ಅಂತ ಅಳುತ್ತಾ, ಕೈಯಲ್ಲಿ ಸೇವಂತಿಗೆ ಹಾರ. ಅವರ ತಮ್ಮ ಜಗಲಿಯಲ್ಲಿ ಕೂತು ಎಡಗೈಯಲ್ಲಿ ಅಂಬಲಿ ಕುಡಿಯುತ್ತಿದ್ದರು. ಅಕ್ಕ ನೋಡಿದರು. ಹಾರ ಬಿಸಾಡಿ, ಅವರನ್ನು ತಬ್ಬಿಕೊಂಡು ಮೊದಲಿಗಿಂತ ಜೋರಾಗಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಅಯ್ಯೋ, ಟೆಂಪೋ ಮಾಡ್ಕಂಡು ಎಲ್ಲಾ ಬತ್ತಾವ್ರಲ್ಲ!" ಅಂದರು.

ಟೆಂಪೋ ಬಂತು. ಕಣ್ಣು ಕಾಣದವಳು ಮುದ್ದೆ ತೊಳಸಿ ಅಷ್ಟು ಜನಕ್ಕೂ ಬಡಿಸಿದೆ. ಊಟ ಮುಗಿಸಿ ಹೊರಡುವಾಗ ಯಜಮಾನರ ಚಿಕ್ಕಪ್ಪ, ಮಂಡಿ ನೋವಿನ ಮುದುಕರು, ನನ್ನನ್ನು ಪಕ್ಕಕ್ಕೆ ಕರೆದರು.

"ನೋಡವ್ವ, ನಂಗೆ ಬಸ್ಸು ಟೆಂಪೋ ಅತ್ತಕೆ ಆಗಕಿಲ್ಲ. ಮುಂದಕ್ಕೆ ಏನಾದ್ರೂ ಎಚ್ಚುಕಮ್ಮಿ ಆದ್ರೆ ಬರಕಿಲ್ಲ ಕಣವ್ವ. ಇದ್ನೇ ಬಂದಂಗೆ ತಿಳ್ಕೊಬುಡು."

ಕಂಬಿ

ಈಗ ನಮ್ಮ ಹಿತ್ತಲಲ್ಲಿ ದಾರಿಯ ಎರಡು ಕಡೆಗೂ ಕಂಬಿ ಇದೆ. ನಾನು ಹೇಳಹೊರಟಿದ್ದು ಒಂದೇ ಕಂಬಿ ಇದ್ದ ದಿನದ್ದು.

ಭಾನುವಾರ ತಮ್ಮ ಬಂದು ಸಿಮೆಂಟು ಹಾಕಿ ಕಂಬ ನೆಟ್ಟುಕೊಟ್ಟಿದ್ದ. ಸಿಮೆಂಟು ಗಟ್ಟಿಯಾದ ಮೇಲೆ, ಮುಖವಾಡ ಸರಿಯಾಗಿ ಹಿಡಿದು, ಅದರ ಮೇಲೆ ನಾನು ಪೈಪು ಬೆಸೆದೆ. ಬೆಸುಗೆ ಗಂಟುಗಂಟಾಗಿತ್ತು, ಆದರೆ ಹಿಡಿದಿತ್ತು. ನಾನೇ ಜೋತುಬಿದ್ದು ನೋಡಿದೆ. ಆಮೇಲೆ ಅವರನ್ನು ಕರೆತಂದು ಎಡಗೈಯನ್ನು ಅದರ ಮೇಲೆ ಇಟ್ಟೆ.

ನಡೆದರು. ಬಲಗಾಲು ಎಳೆದುಕೊಂಡು, ಅಷ್ಟಷ್ಟೇ, ಒಬ್ಬರೇ. ಕಕ್ಕಸಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ವರ್ಷದಿಂದ ಆ ಬಾಗಿಲು ಹಾಕಿದ್ದೇ ಇಲ್ಲ, ಯಾವಾಗಲೂ ನಾನು ಹಿಡಿದುಕೊಂಡು ನಿಂತಿರಬೇಕಿತ್ತು. ಮುಚ್ಚಿದ ಬಾಗಿಲು ನೋಡಿಕೊಂಡು ಹೊರಗೆ ಅಳುತ್ತಾ ನಿಂತೆ.

ಬಾಗಿಲು ತೆರೆಯಿತು. ಎಡಗೈ ಚಾಚಿದರು. ಅಲ್ಲಿ ಏನೂ ಇರಲಿಲ್ಲ. ಹೋಗುವಾಗ ಎಡಕ್ಕಿದ್ದ ಕಂಬಿ ಬರುವಾಗ ಬಲಕ್ಕೆ, ಸತ್ತ ಕೈಯ ಕಡೆಗೆ ಬಂದಿತ್ತು. ಬ್ಲೌಸಿಗೆ ಎರಡು ತೋಳು ಇಡಬೇಕು ಅಂತ ಗೊತ್ತಿದ್ದವಳಿಗೆ, ಹೋದ ಮನುಷ್ಯ ವಾಪಸ್ಸೂ ಬರಬೇಕು ಅನ್ನುವುದು ಹೊಳೆದಿರಲಿಲ್ಲ.

ಓಡಿಹೋಗಿ ರಟ್ಟೆ ಹಿಡಿದೆ. ತಳ್ಳಿದರು. ಹಣೆ ಬೆವರುತ್ತಿತ್ತು, ಕಾಲು ನಡುಗುತ್ತಿತ್ತು. ಬೀಳುತ್ತಾರೆ, ನಾನೇ ಬೀಳಿಸಿದೆ ಅಂದುಕೊಂಡೆ. ಅವರು ಚೌಕಟ್ಟು ಹಿಡಿದು ಮೆಲ್ಲಗೆ ನನಗೆ ಬೆನ್ನು ಮಾಡಿ ತಿರುಗಿದರು. ಎಡಗೈಗೆ ಕಂಬಿ ಸಿಕ್ಕಿತು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಇನ್ನೊಂದು.

ನಾನು ಅವರ ಬೆನ್ನಿಗೆ ಕೈ ಅಡ್ಡ ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದೆ. ಬಾಯಿ ತನ್ನಷ್ಟಕ್ಕೆ, ಬಸ್ಸು ರಿವರ್ಸ್ ತೆಗೆಸುವ ಕಂಡಕ್ಟರ ಹಾಗೆ, "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತಿತ್ತು. ಮೆಟ್ಟಿಲು ಬಂತು. "ಓಲ್ಡಾನ್!" ಅಂದೆ. ಗಕ್ಕನೆ ನಿಂತರು.

ಪಕ್ಕದ ಮನೆಯ ಹೆಂಗಸು ಮಾಳಿಗೆ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಬಗ್ಗಿ ನೋಡಿ, "ಅದ್ಯಾಕಣ್ಣ, ಇಂದಿಂದಕ್ಕೆ ಬತ್ತಾ ಇದ್ದೀರಿ?" ಅಂದಳು.

ನಾನು ಬಾಯಿ ತೆಗೆಯುವ ಮೊದಲೇ ಅವರು ತಲೆ ಎತ್ತಿದರು. ನಾಲಗೆ ತೊದಲಿತು, ಜೊಲ್ಲು ಇಳಿಯಿತು, ಆದರೆ ಬೀದಿಗೆಲ್ಲ ಕೇಳುವ ಹಾಗೆ, ಲಕ್ವ ಹೊಡೆದ ಮೇಲಿನ ಮೊದಲ ಪೂರ್ತಿ ಮಾತು ಆಡಿದರು:

"ಟರ್ನಿಂಗ್ ಇಲ್ಲ ಕಣಮ್ಮ!"